ಖಾಲಿ ಕಂಡ ಜಾಗವೆಲ್ಲ ಖಾಲಿಯಲ್ಲ: ಹೊಸ ಹ್ಯಾಮ್‌ಗಳಿಗೆ ಬ್ಯಾಂಡ್ ಪ್ಲಾನ್ ಮಾರ್ಗದರ್ಶಿ

ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ, ಲೈಸೆನ್ಸ್ ಕೈಗೆ ಬಂದ ಮೊದಲ ತಿಂಗಳು. ನಾನು ದಾವಣಗೆರೆಯ ನಮ್ಮ ಮನೆ ತಾರಸಿ ಮೇಲೆ, ಗೆಳೆಯ ಹರಿಹರದಲ್ಲಿ. ನಡುವೆ ಹದಿನಾಲ್ಕು ಕಿಲೋಮೀಟರ್, ಇಬ್ಬರ ಕೈಯಲ್ಲೂ 5 ವ್ಯಾಟ್ ಹ್ಯಾಂಡಿ (ಕೈಯಲ್ಲಿ ಹಿಡಿಯುವ ರೇಡಿಯೊ). ಎರಡು ಮೀಟರ್ ಬ್ಯಾಂಡಿನಲ್ಲಿ ಯಾರೂ ಇಲ್ಲದ ಒಂದು ಜಾಗ ಹುಡುಕಿ ಹಿಡಿದೆವು: 145.825 ಮೆಗಾಹರ್ಟ್ಝ್. ವಾರವಿಡೀ ಸಂಜೆ ಅಲ್ಲೇ ಹರಟೆ. ಮಿರ್ಚಿ ಮಂಡಕ್ಕಿ ಯಾವ ಅಂಗಡಿಯದು ಚೆನ್ನ ಎನ್ನುವಲ್ಲಿಗೆ ಮಾತು ಬಂದಿದ್ದ ದಿನ ದುರ್ಗದ ಹಿರಿಯ ಹ್ಯಾಮ್ ಒಬ್ಬರಿಂದ ಫೋನ್ ಬಂತು.

"ಏನಪ್ಪಾ, ನಿಮ್ಮಿಬ್ಬರ ಮಂಡಕ್ಕಿ ಸಮಾಚಾರ ಸ್ಪೇಸ್ ಸ್ಟೇಷನ್ನಿಗೂ ಮುಟ್ತಾ ಐತೆ, ಗೊತ್ತೇನು?"

ಗೊತ್ತಿರಲಿಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹ್ಯಾಮ್ ಪ್ಯಾಕೆಟ್ ಕೇಂದ್ರ (ಸಂದೇಶಗಳನ್ನು ಡಿಜಿಟಲ್ ತುಣುಕುಗಳಾಗಿ ಸಾಗಿಸುವುದು) ಕೇಳುವುದೂ ಹೇಳುವುದೂ ಅದೇ 145.825ರಲ್ಲಿ. ಅದು ಹಾರುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ, ನಡುವೆ ಅಡ್ಡ ಬರುವ ಗುಡ್ಡವಿಲ್ಲ, ಮರವಿಲ್ಲ. ಅಲ್ಲಿಗೆ ಮುಟ್ಟಲು 5 ವ್ಯಾಟ್ ಧಾರಾಳ ಸಾಕು. ನಾವು ಖಾಲಿ ಎಂದುಕೊಂಡದ್ದು ದಿನಕ್ಕೆ ನಾಲ್ಕಾರು ಸಲ, ಒಂದೊಂದು ಸಲಕ್ಕೆ ಹತ್ತೇ ನಿಮಿಷ ತುಂಬುವ ಜಾಗ.

ಕಾನೂನನ್ನೇನೂ ನಾವು ಮುರಿದಿರಲಿಲ್ಲ. 144ರಿಂದ 146 ಮೆಗಾಹರ್ಟ್ಝ್ ಪೂರ್ತಿ ನಮ್ಮ ಲೈಸೆನ್ಸಿನ ಒಳಗೇ ಇದೆ. ಮುರಿದದ್ದು ಬ್ಯಾಂಡ್ ಪ್ಲಾನನ್ನು, ಅಂದರೆ ಹ್ಯಾಮ್‌ಗಳು ತಾವೇ ಕೂತು ಮಾಡಿಕೊಂಡ ಹಂಚಿಕೆಯನ್ನು. ಅದನ್ನು ಪಾಲಿಸುವುದು ಹೇಗೆಂದು ಆಮೇಲೆ ಒಂದೊಂದಾಗಿ ಕಲಿತೆ. ಹೊಸದಾಗಿ ವಿಯು3 ಎಂದು ಶುರುವಾಗುವ ಕಾಲ್‌ಸೈನ್ (ಹ್ಯಾಮ್‌ನ ಗುರುತಿನ ಹೆಸರು) ಪಡೆದವರು ಅದೇ ತಪ್ಪು ಮಾಡಬೇಕಿಲ್ಲ.

ಬೇಲಿ ಬೇರೆ, ಬದು ಬೇರೆ

ಬೇಲಿ ಸರ್ಕಾರದ್ದು. ಕೇಂದ್ರ ಸಂಪರ್ಕ ಸಚಿವಾಲಯದ ವೈರ್‌ಲೆಸ್ ವಿಭಾಗ ಕೊಡುವ ಲೈಸೆನ್ಸಿನಲ್ಲಿ ನಿಮ್ಮ ದರ್ಜೆಗೆ ಯಾವ ಬ್ಯಾಂಡ್, ಎಷ್ಟು ಪವರ್, ಯಾವ ಮೋಡ್ ಎಂದು ಬರೆದಿರುತ್ತದೆ. ಅದನ್ನು ದಾಟಿದರೆ ಅಪರಾಧ. ನಲವತ್ತು ಮೀಟರ್ (ಅಲೆಯ ಉದ್ದದಿಂದ ಬಂದ ಹೆಸರು) ಬ್ಯಾಂಡ್ ನಮಗೆ 7.000ರಿಂದ 7.200 ಮೆಗಾಹರ್ಟ್ಝ್‌ವರೆಗೆ. ಅಮೆರಿಕದವರಿಗೆ 7.300ರವರೆಗೂ ಇದೆ. ಅವರು 7.240ರಲ್ಲಿ ಮಾತಾಡುವುದು ಕೇಳಿಸಿತೆಂದು ನೀವು ಅಲ್ಲಿಗೆ ಹೋಗಿ ಉತ್ತರ ಕೊಡುವಂತಿಲ್ಲ.

ಬದು ನಮ್ಮದು. ಅಂತರರಾಷ್ಟ್ರೀಯ ಹವ್ಯಾಸಿ ರೇಡಿಯೊ ಒಕ್ಕೂಟ, ಅಂದರೆ ಐಎಆರ್‌ಯು, ಹುಟ್ಟಿದ್ದು 1925ರಲ್ಲಿ ಪ್ಯಾರಿಸ್‌ನಲ್ಲಿ. ಜಗತ್ತನ್ನು ಅದು ಮೂರು ವಲಯ ಮಾಡಿದೆ. ನಾವು ಏಷ್ಯಾ–ಪೆಸಿಫಿಕ್‌ನ ಮೂರನೇ ವಲಯದವರು. ಬ್ಯಾಂಡಿನ ಒಳಗೆ ಮೋರ್ಸ್ ಎಲ್ಲಿ, ಡಿಜಿಟಲ್ ಎಲ್ಲಿ, ಮಾತು ಎಲ್ಲಿ, ಉಪಗ್ರಹ ಎಲ್ಲಿ ಎಂದು ಪ್ರತಿ ವಲಯವೂ ಒಂದೊಂದು ಪಟ್ಟಿ ಇಟ್ಟುಕೊಂಡಿದೆ. ಅಮೆರಿಕದಲ್ಲಿ ಇಂಥ ಒಳಗಡಿಗಳಲ್ಲಿ ಹಲವು ಕಾನೂನೇ ಆಗಿವೆ. ಇಪ್ಪತ್ತು ಮೀಟರಿನಲ್ಲಿ ಅಲ್ಲಿನವರು 14.150ಕ್ಕಿಂತ ಕೆಳಗೆ ಮಾತಾಡುವ ಹಾಗಿಲ್ಲ. ನಮ್ಮಲ್ಲಿ ಹೆಚ್ಚಿನದು ಒಪ್ಪಂದವಷ್ಟೇ.

ಒಪ್ಪಂದವನ್ನು ಯಾಕೆ ಪಾಲಿಸಬೇಕು ಎಂದು ಕೇಳುವವರಿಗೆ ಭದ್ರಾ ನಾಲೆ ತೋರಿಸಿದರೆ ಸಾಕು. ನೀರು ಬಿಡುವುದು ಸರ್ಕಾರವೇ ಆದರೂ ಕೊನೇ ಭಾಗದ ಗದ್ದೆಗೆ ಅದು ಮುಟ್ಟುತ್ತದೋ ಇಲ್ಲವೋ ಎಂಬುದು ಮೇಲಿನವರ ಕೈಯಲ್ಲಿದೆ. ಮೇಲೆ ನಾಲ್ಕು ಜನ ನಾಲೆಗೇ ಪಂಪ್‌ಸೆಟ್ ಇಳಿಸಿದರೆ ಕೆಳಗಿನವನ ಪೈರು ಒಣಗುತ್ತದೆ. ರೇಡಿಯೊದಲ್ಲಿ ಕೊನೇ ಭಾಗದವನು ಯಾರೆಂದರೆ 5 ವ್ಯಾಟ್‌ನಲ್ಲಿ ಮೋರ್ಸ್ ಒತ್ತುತ್ತ ಕೂತವನು, ಉಪಗ್ರಹದ ಕ್ಷೀಣ ಸದ್ದು ಹಿಡಿಯಲು ಕಿವಿಗೊಟ್ಟವನು. ಅವನು ಇದ್ದಾನೆಂದು ನಿಮಗೆ ಗೊತ್ತಾಗುವುದೇ ಇಲ್ಲ, ಅವನ ದನಿ ನಿಮ್ಮವರೆಗೆ ಬರುವುದಿಲ್ಲ. ಬ್ಯಾಂಡ್ ಪ್ಲಾನ್ ಇರುವುದು ಅವನಿಗಾಗಿ.

ಮೊದಲ ಹೆಜ್ಜೆ: ಒಂದು ಹಾಳೆ, ಒಂದು ಪೆನ್ಸಿಲ್

ಎಲ್ಲ ಬ್ಯಾಂಡ್‌ಗಳ ಪಟ್ಟಿಯನ್ನೂ ಒಟ್ಟಿಗೆ ಮುದ್ರಿಸಿ ಗೋಡೆಗೆ ಅಂಟಿಸಬೇಡಿ. ಯಾರೂ ಓದುವುದಿಲ್ಲ, ನಾನೂ ಓದಲಿಲ್ಲ. ನೀವು ನಿಜವಾಗಿ ಬಳಸುವ ಬ್ಯಾಂಡ್‌ಗಳಿಗೆ, ಹೆಚ್ಚಿನವರಿಗೆ ಅದು ನಲವತ್ತು ಮೀಟರ್ ಮತ್ತು ಎರಡು ಮೀಟರ್, ಒಂದೊಂದು ಅಡ್ಡಗೆರೆ ಎಳೆಯಿರಿ. ಎರಡು ತುದಿಗೆ ಲೈಸೆನ್ಸಿನ ಗಡಿ. ಒಳಗೆ ಮೂರನೇ ವಲಯದ ಇತ್ತೀಚಿನ ಪಟ್ಟಿ ನೋಡಿ ಗೆರೆ ಹಾಕಿ. ಆ ವಲಯದ ಸಮ್ಮೇಳನ ಮೂರು ವರ್ಷಕ್ಕೊಮ್ಮೆ ಸೇರುತ್ತದೆ, ಪಟ್ಟಿ ಅಲ್ಲಲ್ಲಿ ಬದಲಾಗುತ್ತದೆ. ಪೆನ್ಸಿಲ್ ಹಿಡಿಯಲು ಹೇಳಿದ್ದು ಅದಕ್ಕೇ.

ನಲವತ್ತು ಮೀಟರಿನ ವರಸೆ ಸುಲಭ: ತಳದಲ್ಲಿ ಮೋರ್ಸ್, ಅದರ ಮೇಲೆ ಕಿರಿದಾದ ಡಿಜಿಟಲ್, 7.040 ದಾಟಿದ ಮೇಲೆ ಮಾತಿಗೆ ವಿಶಾಲ ಜಾಗ. ಇಪ್ಪತ್ತು ಮೀಟರಿನಲ್ಲೂ ಇದೇ ಕ್ರಮ. 14.070ರವರೆಗೆ ಮೋರ್ಸ್, ಆಮೇಲೆ ಡಿಜಿಟಲ್, ಮಾತು 14.112ರಿಂದ ಮೇಲೆ.

ಈ ಗೆರೆಗಳ ಮೇಲೆ ಕೆಂಪು ಚುಕ್ಕೆ ಇಡಬೇಕಾದ ಕೆಲವು ಜಾಗಗಳಿವೆ. ಅವುಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 14.100. ಜಗತ್ತಿನ ಬೇರೆ ಬೇರೆ ಕಡೆಯ ಹದಿನೆಂಟು ಬೀಕನ್‌ಗಳು (ತಾವಾಗಿಯೇ ಗುರುತಿನ ಸಿಗ್ನಲ್ ಕಳಿಸುವ ಕೇಂದ್ರಗಳು) ಆ ಒಂದೇ ಫ್ರೀಕ್ವೆನ್ಸಿಯಲ್ಲಿ ಸರದಿಯ ಮೇಲೆ ಹತ್ತು ಹತ್ತು ಸೆಕೆಂಡು ಮಾತಾಡುತ್ತವೆ. ಮೂರು ನಿಮಿಷಕ್ಕೆ ಒಂದು ಸುತ್ತು ಮುಗಿಯುತ್ತದೆ. ಪ್ರತಿಯೊಂದೂ ಮೋರ್ಸಿನಲ್ಲಿ ತನ್ನ ಕಾಲ್‌ಸೈನ್ ಹೇಳಿ ನಾಲ್ಕು ಉದ್ದನೆಯ ಸದ್ದು ಬಿಡುತ್ತದೆ: ಮೊದಲನೆಯದು 100 ವ್ಯಾಟ್, ಎರಡನೆಯದು 10, ಮೂರನೆಯದು 1, ಕೊನೆಯದು ಒಂದು ವ್ಯಾಟ್‌ನ ಹತ್ತರಲ್ಲಿ ಒಂದು ಪಾಲು. ಆ ಕೊನೆಯ ಸದ್ದು ಹಿಡಿಯಲು ಒಬ್ಬ ಕಣ್ಣು ಮುಚ್ಚಿ ಕೂತಿರುವಾಗ ನೀವು 14.098ರಲ್ಲಿ ಯುಎಸ್‌ಬಿ (ದನಿ ಡಯಲ್‌ನಿಂದ ಮೇಲಕ್ಕೆ ಹರಡುವ ಮೋಡ್) ಹಾಕಿ ಸಿಕ್ಯೂ, ಅಂದರೆ ಯಾರಾದರೂ ಉತ್ತರಿಸಿ ಎಂದು, ಕರೆದಿರೋ, ಅವನ ಸಂಜೆ ಹಾಳಾಯಿತು. ನಮಗೆ ಹತ್ತಿರದ ಬೀಕನ್ ಶ್ರೀಲಂಕಾದ 4ಎಸ್7ಬಿ.

ಉಳಿದ ಚುಕ್ಕೆಗಳು: ವಿಪತ್ತಿನ ಸಂಪರ್ಕಕ್ಕೆ ನಮ್ಮ ವಲಯದವರು ಸೇರುವ 3.600, 7.110, 14.300, 18.160, 21.360. ಕಡಿಮೆ ಪವರಿನವರ ಮೋರ್ಸಿಗೆ 7.030 ಮತ್ತು 14.060. ಚಿತ್ರ ಕಳಿಸುವವರಿಗೆ 14.230. ವಿಪತ್ತಿನ ಫ್ರೀಕ್ವೆನ್ಸಿಗಳು ವರ್ಷವಿಡೀ ಬೀಗ ಹಾಕಿಟ್ಟವಲ್ಲ, ಸಾಮಾನ್ಯ ದಿನಗಳಲ್ಲಿ ಅಲ್ಲಿ ಮಾತಾಡಬಹುದು. ಆದರೆ ಎಲ್ಲಾದರೂ ಭೂಕಂಪ, ಚಂಡಮಾರುತದ ಸುದ್ದಿ ಇದ್ದ ದಿನ ಅಲ್ಲಿ ಬಾಯಿ ಬಿಡುವ ಮುಂಚೆ ಕಿವಿ ತೆರೆಯಿರಿ. 2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್ ಅವರ ತಂಡ ಅಂಡಮಾನಿನಿಂದ ವಿಯು4 ಕಾಲ್‌ಸೈನ್‌ನಲ್ಲಿ ಮಾತಾಡುತ್ತಿತ್ತು. ಆ ಅಪರೂಪದ ದ್ವೀಪವನ್ನು ಲಾಗ್‌ಗೆ ಸೇರಿಸಿಕೊಳ್ಳಲು ಜಗತ್ತಿನ ಹ್ಯಾಮ್‌ಗಳು ಮುಗಿಬಿದ್ದಿದ್ದರು. 26ರ ಬೆಳಿಗ್ಗೆ ಸುನಾಮಿ ಬಂತು. ಅದೇ ಕೇಂದ್ರ ದ್ವೀಪಕ್ಕೂ ಹೊರಜಗತ್ತಿಗೂ ಸುದ್ದಿಯ ಎಳೆಯಾಯಿತು. ಮುಗಿಬಿದ್ದವರು ಅಲ್ಲಿಂದ ಸರಿದುಕೊಳ್ಳಬೇಕಾದ್ದು ಇಂಥ ಹೊತ್ತಿನಲ್ಲೇ.

ಕಾಗದದಲ್ಲಿ ಒಂದು, ರೂಢಿಯಲ್ಲಿ ಇನ್ನೊಂದು ಇರುವ ಕಡೆಯೂ ಉಂಟು. ಎಫ್‌ಟಿ8 ಎಂಬ ಡಿಜಿಟಲ್ ಮೋಡ್ 2017ರಲ್ಲಿ ಬಂತು, ನೋಡನೋಡುತ್ತಿದ್ದಂತೆ ಊರೆಲ್ಲ ಅದೇ ಆಯಿತು. ಅದು ನಲವತ್ತು ಮೀಟರಿನಲ್ಲಿ ಕೂತದ್ದು 7.074ರಲ್ಲಿ, ನಾವು ಮಾತಿನ ಜಾಗ ಎಂದುಕೊಂಡಿದ್ದ ಹೊಲದ ನಟ್ಟನಡುವೆ. ನನಗೇನೂ ಅದು ಹಿಡಿಸಲಿಲ್ಲ. ಆದರೂ ಅಲ್ಲಿ ಮಾತಾಡಲು ಹೋಗುವುದಿಲ್ಲ, ಏಕೆಂದರೆ ಇಡೀ ಜಗತ್ತೇ ಅಲ್ಲಿ ಕಿವಿಗೊಟ್ಟಿದೆ. ಹಾಳೆಯಲ್ಲಿ 7.074ರಿಂದ 7.077ರವರೆಗೂ ಕೆಂಪು ಬಳಿಯಿರಿ.

ಎರಡನೇ ಹೆಜ್ಜೆ: ಡಯಲ್ ತೋರಿಸುವುದು ಒಂದು ಅಂಚು ಮಾತ್ರ

ಹೊಸಬರು ಅತಿ ಹೆಚ್ಚು ಎಡವುವುದು ಇಲ್ಲೇ. ರಿಗ್‌ನ, ಅಂದರೆ ರೇಡಿಯೊ ಸೆಟ್ಟಿನ, ಡಯಲ್ 7.100 ಎಂದು ತೋರಿಸಿದರೆ ನಿಮ್ಮ ದನಿ ಇರುವುದು 7.100ರ ಮೇಲಲ್ಲ. ಎಲ್‌ಎಸ್‌ಬಿಯಲ್ಲಿ ಮಾತು ಡಯಲ್‌ನಿಂದ ಕೆಳಕ್ಕೆ ಸುಮಾರು 3 ಕಿಲೋಹರ್ಟ್ಝ್ ಹರಡುತ್ತದೆ, ಯುಎಸ್‌ಬಿಯಲ್ಲಿ ಅಷ್ಟೇ ಮೇಲಕ್ಕೆ. ಎಂದರೆ 7.100 ಎಲ್‌ಎಸ್‌ಬಿ ತುಂಬುವುದು 7.097ರಿಂದ 7.100. (10 ಮೆಗಾಹರ್ಟ್ಝ್‌ಗಿಂತ ಕೆಳಗೆ ಎಲ್‌ಎಸ್‌ಬಿ, ಮೇಲೆ ಯುಎಸ್‌ಬಿ ಎಂಬುದು ಕೂಡ ರೂಢಿಯೇ. ಆದರೆ ಅದನ್ನು ಬಿಟ್ಟರೆ ನಿಮ್ಮ ಮಾತು ಯಾರಿಗೂ ಅರ್ಥವಾಗದು.)

ಪೆನ್ಸಿಲ್ ತೆಗೆದು ಮೂರು ಲೆಕ್ಕ ಮಾಡಿ ನೋಡಿ.

ಒಂದು: ಡಯಲ್ 7.077ಕ್ಕೆ ಇಟ್ಟು ಎಲ್‌ಎಸ್‌ಬಿಯಲ್ಲಿ ಮಾತಾಡಿದರೆ ನೀವು ಕೂತದ್ದು ಎಲ್ಲಿ? 7.074ರಿಂದ 7.077, ಅಂದರೆ ಎಫ್‌ಟಿ8ನ ಇಡೀ ಚಾಪೆಯ ಮೇಲೆ. "7.074 ಬಿಟ್ಟು ಮೂರು ದೂರ ಇದ್ದೆನಲ್ಲ ಓಎಂ" (ಹ್ಯಾಮ್‌ಗಳ ಬಾಯಲ್ಲಿ ಗೆಳೆಯ) ಎಂದು ಜಗಳಕ್ಕೆ ನಿಂತವರನ್ನು ನಾನು ಕಂಡಿದ್ದೇನೆ. ನೀವು 7.074ಕ್ಕಿಂತ ಕೆಳಗಾದರೂ ಇರಬೇಕು, ಇಲ್ಲವೇ 7.080 ದಾಟಿರಬೇಕು.

ಎರಡು: ಮಾತಿನ ಜಾಗ 7.040ರಿಂದ ಎಂದಿದ್ದರೆ ಡಯಲ್ 7.043ಕ್ಕಿಂತ ಕೆಳಗಿಳಿಯಬಾರದು.

ಮೂರು: 14.350 ನಮ್ಮ ಬೇಲಿ. ಅಲ್ಲಿ ಡಯಲ್ 14.350 ಇಟ್ಟು ಯುಎಸ್‌ಬಿಯಲ್ಲಿ ಮಾತಾಡಿದರೆ ನಿಮ್ಮ ದನಿಯೆಲ್ಲ ಬೇಲಿಯ ಆಚೆ. ಇದು ಬ್ಯಾಂಡ್ ಪ್ಲಾನಿನ ತಪ್ಪಲ್ಲ, ಲೈಸೆನ್ಸ್ ಉಲ್ಲಂಘನೆ. 14.347ಕ್ಕೆ ನಿಲ್ಲಿಸಿ.

ಮಾತಾಡುತ್ತಿರುವ ಪಕ್ಕದವರಿಂದ ಕನಿಷ್ಠ 3 ಕಿಲೋಹರ್ಟ್ಝ್ ದೂರವಿರಿ. ಅವರ ಸಿಗ್ನಲ್ ಜೋರಾಗಿದ್ದರೆ ಐದು ಬಿಡಿ. ಮೈಕ್ ಗೇನ್ ಏರಿಸಿಕೊಂಡು ಕಿರುಚುವವರ ಸಿಗ್ನಲ್ ಎಷ್ಟು ಅಗಲಕ್ಕೆ ಚೆಲ್ಲುತ್ತದೆಂದು ಒಮ್ಮೆ ಗೆಳೆಯರ ರಿಗ್‌ನ ವಾಟರ್‌ಫಾಲ್‌ನಲ್ಲಿ (ಸಿಗ್ನಲ್‌ಗಳನ್ನು ಚಿತ್ರವಾಗಿ ತೋರಿಸುವ ಪರದೆ) ನೋಡಿ ಬನ್ನಿ, ಸಾಕು.

ಮೂರನೇ ಹೆಜ್ಜೆ: ಕಿವಿ

"ಎರಡು ನಿಮಿಷ ಕೇಳಿ, ಆಮೇಲೆ ಕರೆಯಿರಿ" ಎಂದು ಎಲ್ಲರೂ ಹೇಳಿಕೊಡುತ್ತಾರೆ. ಕೇಳಿದರೂ ಯಾಕೆ ಕೇಳಿಸುವುದಿಲ್ಲ ಎಂದು ಯಾರೂ ಹೇಳುವುದಿಲ್ಲ. ಎರಡು ಕಾರಣವಿದೆ.

ಮೊದಲನೆಯದು ನಮ್ಮೂರಿನ ಗದ್ದಲ. ಎಲ್‌ಇಡಿ ಬಲ್ಬು, ಅಗ್ಗದ ಮೊಬೈಲ್ ಚಾರ್ಜರ್, ಯುಪಿಎಸ್, ಪಕ್ಕದ ಮನೆಯ ಸೋಲಾರ್ ಇನ್ವರ್ಟರ್. ದೀಪಾವಳಿಗೆ ಬೀದಿ ತುಂಬ ಸೀರಿಯಲ್ ಸೆಟ್ ಬಿದ್ದ ವಾರ ಸಿಗ್ನಲ್ ಬಲ ತೋರಿಸುವ ನನ್ನ ಮೀಟರಿನ ಮುಳ್ಳು ಎಸ್-7ರಿಂದ ಕೆಳಗಿಳಿಯುವುದೇ ಇಲ್ಲ. ಅದಕ್ಕಿಂತ ಕೆಳಗಿರುವ ಸಿಗ್ನಲ್‌ಗಳೆಲ್ಲ ಆ ಸದ್ದಿನಲ್ಲಿ ಮುಳುಗಿರುತ್ತವೆ. ನನಗೆ ಫ್ರೀಕ್ವೆನ್ಸಿ ಖಾಲಿ, ಹೊಳಲ್ಕೆರೆಯ ತೋಟದ ಮನೆಯಲ್ಲಿ ಕೂತವನಿಗೆ ಅದು ತುಂಬಿದ ಸಂತೆ. ಆ ವಾರ ನಾನು ಫೋನಿನಲ್ಲಿ ಒಂದು ವೆಬ್‌ಎಸ್‌ಡಿಆರ್ ತೆರೆದು, ಬೇರೆ ಊರಿನ ರಿಸೀವರ್‌ನ ಕಿವಿಯಿಂದ ಅದೇ ಫ್ರೀಕ್ವೆನ್ಸಿ ಕೇಳಿ ಆಮೇಲೆ ಒತ್ತುತ್ತೇನೆ.

ಎರಡನೆಯದು ಆಕಾಶದ ಆಟ. ಹಗಲು ನಲವತ್ತು ಮೀಟರಿನಲ್ಲಿ ಬೆಂಗಳೂರು ಪಕ್ಕದ ಕೋಣೆಯಲ್ಲಿದ್ದಂತೆ ಕೇಳುತ್ತದೆ. ನೆಟ್ಟಗೆ ಮೇಲೆ ಹೋದ ಸಿಗ್ನಲ್ಲನ್ನು ಅಯಾನುಗೋಳ ಮರಳಿ ಕೆಳಗೆ ಬಗ್ಗಿಸುತ್ತದೆ. ರಾತ್ರಿ ಆ ಪದರ ತೆಳುವಾದಾಗ ನೆಟ್ಟಗೆ ಹೋದದ್ದು ಹಿಂದಿರುಗುವುದಿಲ್ಲ, ಓರೆಯಾಗಿ ಹೋದದ್ದು ಮಾತ್ರ ದೂರ ಹೋಗಿ ಬೀಳುತ್ತದೆ. ಆಗ ದೆಹಲಿ ಗಟ್ಟಿ, ಬೆಂಗಳೂರು ಮಾಯ. ದೆಹಲಿಯವರು ಬೆಂಗಳೂರಿನವರ ಜೊತೆ ಮಾತಾಡುತ್ತಿದ್ದರೆ ನಿಮಗೆ ಒಂದೇ ಕಡೆಯ ಮಾತು ಕೇಳುತ್ತದೆ, ಬೆಂಗಳೂರಿನವರ ಸರದಿ ಬಂದಾಗ ಬರೀ ಮೌನ. ಆ ಮೌನದಲ್ಲಿ ನೀವು ಸಿಕ್ಯೂ ಕರೆದರೆ ದೆಹಲಿಯ ಕಿವಿಗೆ ಎರಡು ದನಿ ಒಟ್ಟಿಗೆ ಬಡಿಯುತ್ತವೆ.

ಅದಕ್ಕೇ ಕೇಳಿದ್ದು ಸಾಲದು, ವಿಚಾರಿಸಲೂ ಬೇಕು.

ನಾಲ್ಕನೇ ಹೆಜ್ಜೆ: ವಿಚಾರಿಸಿ

ಕಾಲ್‌ಸೈನ್ ಹೇಳಿ "ಈ ಫ್ರೀಕ್ವೆನ್ಸಿಯಲ್ಲಿ ಯಾರಾದರೂ ಇದ್ದೀರಾ?" ಎಂದು ಕೇಳಿ. ನಾಲ್ಕೈದು ಸೆಕೆಂಡು ಬಿಡಿ. ಮತ್ತೊಮ್ಮೆ ಕೇಳಿ. ನಮ್ಮ ಕಡೆಯ ಬೆಳಗಿನ ಗುಂಪುಗಳಲ್ಲಿ ಕನ್ನಡದಲ್ಲೇ ಕೇಳಿದರೂ ಯಾರೂ ಬೇಸರಿಸಿಕೊಳ್ಳುವುದಿಲ್ಲ, ಇಪ್ಪತ್ತು ಮೀಟರಿನಲ್ಲಿ ಮಾತ್ರ ಇಂಗ್ಲಿಷ್. ಮೋರ್ಸಿನಲ್ಲಾದರೆ ಕ್ಯೂಆರ್‌ಎಲ್ ಎಂದು ಒತ್ತಿ ಪ್ರಶ್ನೆಯ ಗುರುತು ಹಾಕುತ್ತಾರೆ. ಅತ್ತಲಿಂದ ಒಂದೇ ಒಂದು ಅಕ್ಷರ, ಸಿ ಎಂದೋ ಆರ್ ಎಂದೋ ಬಂದರೂ ಇದ್ದಾರೆಂದು ಅರ್ಥ. ತಿರುಗಿ "ಕ್ಷಮಿಸಿ" ಎಂದು ಉದ್ದ ಸಂದೇಶ ಕಳಿಸಲು ಹೋಗಬೇಡಿ, ಅದೂ ಅಡಚಣೆಯೇ. ಸುಮ್ಮನೆ ಸರಿದುಹೋಗಿ.

ಟ್ಯೂನರ್ (ರಿಗ್‌ಗೂ ಆಂಟೆನಾಗೂ ಹೊಂದಿಕೆ ಮಾಡುವ ಪೆಟ್ಟಿಗೆ) ಹೊಂದಿಸಲು ಖಾಲಿ ಕ್ಯಾರಿಯರ್, ಅಂದರೆ ಮಾತಿಲ್ಲದ ಬರೀ ಸಿಗ್ನಲ್, ಬಿಡುವವರು ಬಹುಪಾಲು ಜನ ಈ ಹೆಜ್ಜೆ ಮರೆಯುತ್ತಾರೆ. ಡಮ್ಮಿ ಲೋಡ್ (ಆಂಟೆನಾ ಬದಲು ಸಿಗ್ನಲ್ಲನ್ನು ಹೀರಿಕೊಳ್ಳುವ ಸಾಧನ) ಇದ್ದರೆ ರಿಗ್ ಮತ್ತು ಆಂಪ್ಲಿಫೈಯರ್ ಪರೀಕ್ಷೆಯನ್ನು ಅದರ ಮೇಲೆ ಮುಗಿಸಿ. ಟ್ಯೂನರ್ ಮಾತ್ರ ಆಂಟೆನಾ ಮೇಲೇ ಹೊಂದಬೇಕು, ಅದಕ್ಕೆ ಪವರ್ ಇಳಿಸಿ, ವಿಚಾರಿಸಿ, ಕೆಲವೇ ಸೆಕೆಂಡಿನಲ್ಲಿ ಮುಗಿಸಿ.

ಹ್ಯಾಂಡಿಗೆ ಬೀಗ

ಅಗ್ಗದ ಹ್ಯಾಂಡಿಗಳು 136ರಿಂದ 174 ಮೆಗಾಹರ್ಟ್ಝ್‌ವರೆಗೂ ಎಲ್ಲಿ ಬೇಕಾದರೂ ಒತ್ತಲು ಬಿಡುತ್ತವೆ. ನಮ್ಮದು ಅದರಲ್ಲಿ ಎರಡೇ ಮೆಗಾಹರ್ಟ್ಝ್. ಚಿರ್ಪ್ ಎಂಬ ಉಚಿತ ತಂತ್ರಾಂಶದಲ್ಲಿ ಮೆಮೊರಿ ಚಾನೆಲ್‌ಗಳನ್ನು ತುಂಬಿ. ಕೇಳಲು ಮಾತ್ರ ಬೇಕಾದ ಚಾನೆಲ್‌ಗೆ ಡುಪ್ಲೆಕ್ಸ್ ಕಾಲಂನಲ್ಲಿ ಆಫ್ ಆರಿಸಿದರೆ ಅಲ್ಲಿ ಪಿಟಿಟಿ (ಮಾತಾಡುವ ಗುಂಡಿ) ಒತ್ತಿದರೂ ಸಿಗ್ನಲ್ ಹೊರಡುವುದಿಲ್ಲ. ಗಗನಯಾತ್ರಿಗಳ ದನಿ ಇಳಿದು ಬರುವ 145.800, ಮತ್ತು ನನ್ನ ಮಾನ ಕಳೆದ 145.825, ಎರಡೂ ನನ್ನ ಹ್ಯಾಂಡಿಯಲ್ಲಿ ಹೀಗೇ ಬೀಗ ಹಾಕಿಕೊಂಡಿವೆ.

145.800ರಿಂದ 146.000 ಪೂರ್ತಿ ಉಪಗ್ರಹಗಳ ಪಾಲು. ಸ್ಪೇಸ್ ಸ್ಟೇಷನ್ನಿನ ರಿಪೀಟರ್ (ಬಂದ ಮಾತನ್ನು ಮತ್ತೆ ಬಿತ್ತರಿಸುವ ಯಂತ್ರ) 145.990ರಲ್ಲಿ ಕೇಳಿ 437.800ರಲ್ಲಿ ಹೇಳುತ್ತದೆ. ಎಫ್‌ಎಂ ಸಿಗ್ನಲ್ ಎರಡೂ ಬದಿಗೆ 8 ಕಿಲೋಹರ್ಟ್ಝ್ ಹರಡುವುದರಿಂದ ಊರ ಹರಟೆ 145.790ಕ್ಕಿಂತ ಮೇಲೆ ಹೋಗುವುದೇ ಬೇಡ. ಎಪ್ಪತ್ತು ಸೆಂಟಿಮೀಟರಿನಲ್ಲಿ ನಮಗೆ ಸಿಕ್ಕಿದ್ದು 434ರಿಂದ 438. ಅದರಲ್ಲೂ 435ರಿಂದ ಮೇಲಿನದೆಲ್ಲ ಉಪಗ್ರಹಕ್ಕೆ. ಸ್ಥಳೀಯ ಮಾತಿಗೆ ಉಳಿಯುವುದು ಒಂದೇ ಮೆಗಾಹರ್ಟ್ಝ್, ಅಷ್ಟರಲ್ಲಿ ಹೊಂದಿಕೊಳ್ಳಿ.

ರಿಪೀಟರ್ ಇರುವ ಕಡೆ ಅದು ಹೇಳುವ ಫ್ರೀಕ್ವೆನ್ಸಿಯನ್ನು ಎಲ್ಲರೂ ಬಿಟ್ಟುಕೊಡುತ್ತಾರೆ, ಅದು ಕೇಳುವ ಫ್ರೀಕ್ವೆನ್ಸಿಯನ್ನು ಮರೆಯುತ್ತಾರೆ. ಎರಡು ಮೀಟರಿನಲ್ಲಿ ವಾಡಿಕೆಯ ಅಂತರ 600 ಕಿಲೋಹರ್ಟ್ಝ್. ಉದಾಹರಣೆಗೆ 145.700ರಲ್ಲಿ ಹೇಳುವ ರಿಪೀಟರ್ 145.100ರಲ್ಲಿ ಕೇಳುತ್ತಿರುತ್ತದೆ. ನೀವು 145.100ರಲ್ಲಿ ಪಕ್ಕದ ಬೀದಿಯವರ ಜೊತೆ ಮಾತಾಡಿದರೆ ಅದನ್ನು ತೆರೆಯುವ ಗುರುತಿನ ಟೋನ್ ಇಲ್ಲದ ಕಾರಣ ರಿಪೀಟರ್ ತೆರೆದುಕೊಳ್ಳದು, ನಿಮಗೇನೂ ಗೊತ್ತಾಗದು. ಆದರೆ ದೂರದ ಹಳ್ಳಿಯಿಂದ ಅದನ್ನು ಮುಟ್ಟಲು ಹೆಣಗುತ್ತಿರುವವನ ಸಿಗ್ನಲ್ ನಿಮ್ಮದರ ಅಡಿ ಸಿಕ್ಕಿ ಸಾಯುತ್ತದೆ. ಎಫ್‌ಎಂನ ಗುಣವೇ ಅದು: ಎರಡು ಸಿಗ್ನಲ್ ಬಂದರೆ ಬಲವಾದದ್ದು ಮಾತ್ರ ಕೇಳುತ್ತದೆ, ಇನ್ನೊಂದರ ಗುರುತೂ ಉಳಿಯುವುದಿಲ್ಲ.

ಇನ್ನೊಂದು ಮಾತು ದುರ್ಗದವರಿಗೆ. ಗುಡ್ಡ ಹತ್ತಿ ಹ್ಯಾಂಡಿ ಒತ್ತುವ ಮಜಾ ಬೇರೆಯೇ, ನಾನೂ ಬಂದು ಒತ್ತಿದ್ದೇನೆ. ಹ್ಯಾಮ್‌ಗಳು ಭೂಪಟವನ್ನು ಚೌಕಗಳಾಗಿ ಹಂಚಿಕೊಂಡ ಲೆಕ್ಕದಲ್ಲಿ ದಾವಣಗೆರೆ ಎಂಕೆ74 ಚೌಕದಲ್ಲಿದೆ, ಚಿತ್ರದುರ್ಗ ಎಂಕೆ84ರಲ್ಲಿ; ಎರಡರ ಗಡಿ 76 ಡಿಗ್ರಿ ರೇಖಾಂಶ, ನಮ್ಮ ಊರಿನ ಪೂರ್ವಕ್ಕೇ ಹಾದುಹೋಗುತ್ತದೆ. ಹೀಗಾಗಿ ದುರ್ಗಕ್ಕೆ ಬಂದರೆ ನಮಗೆ ಹೊಸ ಚೌಕದ ಲೆಕ್ಕವೂ ಸಿಗುತ್ತದೆ. ಆದರೆ ಬೀದಿಯಲ್ಲಿ ಐದು ಕಿಲೋಮೀಟರ್ ಹೋಗುವ ಸಿಗ್ನಲ್ ಬೆಟ್ಟದ ತುದಿಯಿಂದ ನಾಲ್ಕು ಜಿಲ್ಲೆ ಮುಟ್ಟುತ್ತದೆ. ಅಲ್ಲಿ ಪವರ್ ಇಳಿಸಿ, ಮಾತು ಮೊಟಕು ಮಾಡಿ.

ಜಗಳ ಬಂದಾಗ

ಯಾವ ಫ್ರೀಕ್ವೆನ್ಸಿಯೂ ಯಾರಪ್ಪನ ಆಸ್ತಿಯಲ್ಲ. ಇಪ್ಪತ್ತು ವರ್ಷದಿಂದ ಅದೇ ಹೊತ್ತಿಗೆ ಅದೇ ಜಾಗದಲ್ಲಿ ನೆಟ್ (ಗೊತ್ತಾದ ಹೊತ್ತಿನ ಗುಂಪು ಮಾತುಕತೆ) ನಡೆಸುವವರಿಗೂ ಅದರ ಮೇಲೆ ಪಟ್ಟಾ ಇಲ್ಲ. ಹಾಗೆಂದು ಅವರು ಬರುವ ಐದು ನಿಮಿಷ ಮೊದಲು ಟವೆಲ್ ಹಾಕಿ ಸೀಟು ಹಿಡಿದಂತೆ ಕೂತು "ನಾನು ಮೊದಲು ಬಂದೆ" ಎನ್ನುವುದೂ ಹೇಸಿಗೆ. ಮಾತು ಮುಗಿಸುವ ಹಂತದಲ್ಲಿದ್ದರೆ ಮುಗಿಸಿಕೊಡಿ, ಇಲ್ಲವೇ ಐದು ಕಿಲೋಹರ್ಟ್ಝ್ ಸರಿಯಿರಿ. ನೀವು ಇಬ್ಬರು, ಅವರು ಇಪ್ಪತ್ತು ಜನ. ನೀವು ಸರಿಯುವುದು ಸುಲಭ.

ಅಪರೂಪದ ಕೇಂದ್ರ "ಅಪ್ ಫೈವ್" ಎಂದು ಹೇಳಿದರೆ ಅದು ಮಾತಾಡುವ ಜಾಗದಲ್ಲಿ ಕರೆಯಬೇಡಿ. ಅದು ಐದು ಕಿಲೋಹರ್ಟ್ಝ್ ಮೇಲೆ ಕೇಳುತ್ತಿದೆ. ರಿಗ್‌ನ ಎರಡು ವಿಎಫ್‌ಒಗಳಲ್ಲಿ (ಫ್ರೀಕ್ವೆನ್ಸಿ ಹೊಂದಿಸುವ ಡಯಲ್) ಎ ಅಲ್ಲೇ ಬಿಟ್ಟು, ಬಿ ಐದು ಮೇಲಕ್ಕೆ ಹೊಂದಿಸಿ, ಎಯಲ್ಲಿ ಕೇಳಿ ಬಿಯಲ್ಲಿ ಮಾತಾಡಲು ಸ್ಪ್ಲಿಟ್ ಒತ್ತಿ. ಒತ್ತಿದ್ದೇನೆಂದು ಇನ್ನೊಮ್ಮೆ ನೋಡಿಕೊಳ್ಳಿ, ಇದರಲ್ಲಿ ತಪ್ಪದ ಹ್ಯಾಮ್ ಇಲ್ಲ. ತಪ್ಪಿದವನನ್ನು ಅದೇ ಫ್ರೀಕ್ವೆನ್ಸಿಯಲ್ಲಿ "ಅಪ್ ಅಪ್" ಎಂದು ಬೈಯುವ ಪೊಲೀಸರು ತಪ್ಪಿದವನಿಗಿಂತ ಹೆಚ್ಚು ಗಲಾಟೆ ಮಾಡುತ್ತಾರೆ.

ಸ್ಪರ್ಧೆಯ ಶನಿವಾರ, ಭಾನುವಾರ ನಲವತ್ತು, ಇಪ್ಪತ್ತು ಮೀಟರ್ ಜಾತ್ರೆಯಾಗಿರುತ್ತವೆ. ಆಗ 18 ಮತ್ತು 24 ಮೆಗಾಹರ್ಟ್ಝ್ ಬ್ಯಾಂಡ್‌ಗಳಿಗೆ ಹೋಗಿ, ಅಲ್ಲಿ ಸ್ಪರ್ಧೆ ಬೇಡವೆಂದು ಎಲ್ಲರೂ ಒಪ್ಪಿಕೊಂಡಿದ್ದಾರೆ. ಹ್ಯಾಮ್ ಅಲ್ಲದ ಸದ್ದು, ಉದಾಹರಣೆಗೆ ಬ್ಯಾಂಡಿನ ಮೇಲೆ ಟರ್ ಎಂದು ಅಗಲಕ್ಕೆ ಹರಡುವ ದೂರದ ರೇಡಾರ್, ಕೇಳಿಸಿದರೆ ಅದರ ಜೊತೆ ಜಗಳಕ್ಕಿಳಿಯಬೇಡಿ. ಫ್ರೀಕ್ವೆನ್ಸಿ, ಸಮಯ, ಸದ್ದಿನ ಬಗೆ ಬರೆದಿಟ್ಟುಕೊಳ್ಳಿ. ಐಎಆರ್‌ಯುಗೆ ಇಂಥ ಅತಿಕ್ರಮಣದ ವರದಿ ಸೇರಿಸುವ ವ್ಯವಸ್ಥೆ ಇದೆ. ಸಮಯವನ್ನು ಯುಟಿಸಿಯಲ್ಲಿ ಬರೆಯಿರಿ: ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆದರೆ ಆಯಿತು, ರಾತ್ರಿ 8 ಎಂದರೆ 14:30.

ಹರಿಹರದ ಗೆಳೆಯನೂ ನಾನೂ ಈಗ 145ರ ಕೆಳಭಾಗಕ್ಕೆ ಇಳಿದಿದ್ದೇವೆ. ಮಂಡಕ್ಕಿ ಚರ್ಚೆ ಇನ್ನೂ ಇತ್ಯರ್ಥವಾಗಿಲ್ಲ. ಸ್ಪೇಸ್ ಸ್ಟೇಷನ್ ನಮ್ಮ ತಲೆಯ ಮೇಲೆ ಬರುವ ಹೊತ್ತು ಫೋನಿನಲ್ಲಿ ನೋಡಿಕೊಂಡು ಆ ಹತ್ತು ನಿಮಿಷ ಇಬ್ಬರೂ ಮಾತು ನಿಲ್ಲಿಸಿ 145.825 ಕೇಳುತ್ತೇವೆ. ಮೋಡೆಮ್ಮಿನ ಬ್ರ್ರ್ ಎಂಬ ಸದ್ದು ಮೊದಲು ಅವನಿಗೋ ನನಗೋ ಎಂದು ಪಂದ್ಯ. ಸೋತವರು ಬೆಣ್ಣೆ ದೋಸೆ ಕೊಡಿಸಬೇಕು.